ಕತ್ತು ನೋವು, ತಲೆ ಸುತ್ತು

"ಅಕ್ಕ ಇವತ್ತೂ ಬರಲಿಲ್ಲವಾ?"

ಹೋದ ವರ್ಷ ನಮ್ಮ ಸಂಜೆ ತರಗತಿಯಲ್ಲಿ ದಿನಾ ಈ ಮಾತು ಬರುತ್ತಿತ್ತು. ನಾವು ಸಖರಾಯಪಟ್ಟಣದ ಕಡೆ ಅಕ್ಷರ ಕಲಿಸುವವರು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ. ಆ ಅಕ್ಕನಿಗೆ ಐವತ್ತರ ಹತ್ತಿರ ವಯಸ್ಸು. ಕಾಗುಣಿತ ಮುಗಿಸಿದ್ದರು. ಬಸ್ಸಿನ ಬೋರ್ಡು ತಾವೇ ಓದುತ್ತಿದ್ದರು. ಇದ್ದಕ್ಕಿದ್ದ ಹಾಗೆ ಬರುವುದನ್ನೇ ಬಿಟ್ಟರು.

ನಾವು ಅವರ ಮನೆಗೆ ಹೋದೆವು. ಗೋಡೆಗೆ ಒರಗಿ ಕೂತಿದ್ದರು. ಕತ್ತಿಗೆ ಬೆಲ್ಟು ಹಾಕಿದ್ದರು.

"ಏನಕ್ಕಾ ಇದು?"

"ಕತ್ತಿನ ಮೂಳೆ ಸವೆದೈತಂತೆ ಮೇಷ್ಟ್ರೇ. ಅದಕ್ಕೇ ತಲೆ ಸುತ್ತದು. ಮಲಿಕ್ಕಂಡ್ರೆ ಸಾಕು, ಮನೆಯೇ ಗಿರ್ರನೆ ತಿರುಗ್ತೈತೆ. ಕೊಡ ಹೊರಂಗಿಲ್ಲ, ತೋಟಕ್ಕೆ ಹೋಗಂಗಿಲ್ಲ."

ನಾವೂ ತಲೆ ಆಡಿಸಿದೆವು. "ಹೌದಕ್ಕಾ, ಕತ್ತಿನದೇ ಇರಬೇಕು. ರೆಸ್ಟ್ ತಗೊಳ್ಳಿ" ಅಂದೆವು. ಹೇಳಿ ಬಂದೆವು.

ಅದು ತಪ್ಪು. ನಾವು ಹಾಗೆ ಹೇಳಬಾರದಿತ್ತು. ಯಾಕೆ ತಪ್ಪು ಅನ್ನುವುದನ್ನು ಹೇಳಲಿಕ್ಕೇ ಈ ಪಾಠ ಬರೆದಿದ್ದೇವೆ.

ಅದೇ ತರಗತಿಗೆ ಒಬ್ಬರು ಅಜ್ಜ ಬರುತ್ತಿದ್ದರು. ಅವರಿಗೆ ಕತ್ತು ನೋವು ಇರಲಿಲ್ಲ. ತಲೆ ಸುತ್ತೂ ಇರಲಿಲ್ಲ. ಆದರೆ ಕತ್ತಿನಲ್ಲಿ ದೊಡ್ಡ ತೊಂದರೆ ಇತ್ತು. ಅದನ್ನೂ ನಾವು ಗುರುತಿಸಲಿಲ್ಲ. ಅವರ ವಿಷಯ ಆಮೇಲೆ ಹೇಳುತ್ತೇವೆ.

ಕತ್ತಿನ ಒಳಗೆ ಏನಿದೆ?

ನಮ್ಮ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಒಂದು ಒಳ್ಳೆಯ ಕುಂಬಳಕಾಯಿಯ ತೂಕ. ಇಷ್ಟು ಭಾರವನ್ನು ದಿನವಿಡೀ ಹೊರುವುದು ಕತ್ತಿನ ಏಳು ಮೂಳೆಗಳು. ಒಂದರ ಮೇಲೆ ಒಂದು ಜೋಡಿಸಿದ ಹಾಗೆ ಇವೆ. ಜಿರಾಫೆಯ ಕತ್ತು ಅಷ್ಟುದ್ದ ಇದೆಯಲ್ಲ, ಅದಕ್ಕೂ ಏಳೇ ಮೂಳೆ. ಮಕ್ಕಳಿಗೆ ಹೇಳಿ, ಖುಷಿ ಪಡುತ್ತಾರೆ.

ಮೂಳೆ ಮೂಳೆಯ ನಡುವೆ ಮೆತ್ತೆಯಂಥ ಬಿಲ್ಲೆ ಇರುತ್ತದೆ. ಎತ್ತಿನ ಹೆಗಲಿಗೂ ನೊಗಕ್ಕೂ ನಡುವೆ ಬಟ್ಟೆ ಕಟ್ಟುವುದಿಲ್ಲವೇ, ಹಾಗೆ. ಮೂಳೆಗಳ ಮಧ್ಯದ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಮೆದುಳಿನಿಂದ ಕೈಕಾಲಿಗೆ ಸುದ್ದಿ ಹೋಗುವುದು ಈ ಹುರಿಯಲ್ಲೇ. ಅದರಿಂದ ಕವಲೊಡೆದ ನರಗಳು ಭುಜಕ್ಕೆ, ಕೈಗೆ, ಬೆರಳಿಗೆ ಹೋಗುತ್ತವೆ. ಮೆದುಳಿಗೆ ರಕ್ತ ಒಯ್ಯುವ ನಾಲ್ಕು ನಾಳಗಳೂ ಕತ್ತಿನಲ್ಲೇ ಇವೆ. ಎರಡು ಮುಂದೆ. ಇನ್ನೆರಡು ಮೂಳೆಯ ಪಕ್ಕದ ಸಣ್ಣ ತೂತುಗಳಲ್ಲಿ ತೂರಿ ಮೇಲೆ ಹೋಗುತ್ತವೆ. ಈ ನಾಳಗಳ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ನಲವತ್ತು ದಾಟಿದ ಮೇಲೆ ಬಿಲ್ಲೆಗಳಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ಹಸಿ ಕಾಯಿ ಒಣಗಿ ಕೊಬ್ಬರಿ ಆದ ಹಾಗೆ. ಮೂಳೆಯ ಅಂಚು ಸ್ವಲ್ಪ ಬೆಳೆಯುತ್ತದೆ. ಇದನ್ನೇ 'ಸವೆತ' ಅನ್ನುತ್ತಾರೆ. ಡಾಕ್ಟರು 'ಸ್ಪಾಂಡಿಲೋಸಿಸ್' ಅನ್ನುತ್ತಾರೆ. ಹೆಸರು ದೊಡ್ಡದು, ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅರವತ್ತು ದಾಟಿದವರ ಎಕ್ಸ್‌ರೇ ತೆಗೆದರೆ ಬಹಳ ಜನರಲ್ಲಿ ಇದು ಕಾಣುತ್ತದೆ. ಅವರಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಕೂದಲು ನರೆಯುವ ಹಾಗೆ ಇದೂ ಒಂದು. ಎಕ್ಸ್‌ರೇಯಲ್ಲಿ ಸವೆತ ಇದೆ ಅಂದ ಮಾತ್ರಕ್ಕೆ ನಿಮ್ಮ ತಲೆ ಸುತ್ತಿಗೆ ಅದೇ ಕಾರಣ ಅಂತ ಆಗಲಿಲ್ಲ. ಅಕ್ಕನ ವಿಷಯದಲ್ಲಿ ಎಲ್ಲರೂ ಎಡವಿದ್ದು ಇಲ್ಲೇ.

ತಲೆ ಸುತ್ತು ಅಂದರೆ ಯಾವ ಸುತ್ತು?

ನಾವು 'ತಲೆ ಸುತ್ತು' ಅಂತ ಒಂದೇ ಮಾತು ಹೇಳುತ್ತೇವೆ. ಆದರೆ ಸುತ್ತಿನಲ್ಲಿ ಬೇರೆ ಬೇರೆ ಜಾತಿ ಇವೆ. ಒಂದೊಂದಕ್ಕೆ ಒಂದೊಂದು ಕಾರಣ.

ಕೂತವರು ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಬೀಳುವ ಹಾಗೆ ಆಗುತ್ತದೆ. ಮತ್ತೆ ಕೂತರೆ ಸರಿಹೋಗುತ್ತದೆ. ಇದು ಕತ್ತಿನದಲ್ಲ, ರಕ್ತದ ವಿಷಯ. ಎದ್ದಾಗ ರಕ್ತ ಕಾಲಿಗೆ ಇಳಿಯುತ್ತದೆ. ಮೆದುಳಿಗೆ ಒಂದು ಗಳಿಗೆ ಕಡಿಮೆ ಬೀಳುತ್ತದೆ. ಬಿಸಿಲಲ್ಲಿ ಕಳೆ ಕಿತ್ತು ನೀರು ಕುಡಿಯದಿದ್ದರೆ ಹೀಗಾಗುತ್ತದೆ. ಬಿ.ಪಿ. ಮಾತ್ರೆ ಜಾಸ್ತಿಯಾದರೂ ಆಗುತ್ತದೆ. ಆಸ್ಪತ್ರೆಯಲ್ಲಿ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಲು ಕೇಳಿ. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೆ ಕಾರಣ ಸಿಕ್ಕಿತು. ಹಾಗಂತ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ.

ನಡೆದರೆ ಏದುಸಿರು, ಮೈ ಬಿಳಿಚಿಕೊಂಡಿದೆ, ಯಾವಾಗಲೂ ತಲೆ ಹಗುರ ಹಗುರ. ಇದು ರಕ್ತಹೀನತೆ ಇರಬಹುದು. ನಮ್ಮ ಹೆಂಗಸರಲ್ಲಿ ಇದು ಬಹಳ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡುತ್ತಾರೆ. ಗರ್ಭಿಣಿ ಅಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕತ್ತಿಗೆ ಎಣ್ಣೆ ತಿಕ್ಕಿ ಪ್ರಯೋಜನ ಇಲ್ಲ. ಕಬ್ಬಿಣದ ಮಾತ್ರೆ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಊಟ ಬಿಟ್ಟರೂ ತಲೆ ತಿರುಗುತ್ತದೆ. ಆಗ ಮೈ ಬೆವರುತ್ತದೆ, ಕೈ ನಡುಗುತ್ತದೆ. ತಕ್ಷಣ ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಳ್ಳಬೇಕು.

ಇನ್ನೊಂದು ಜಾತಿಯ ಸುತ್ತು ಇದೆ. ಮನೆ, ಗೋಡೆ, ತೊಲೆ ಎಲ್ಲಾ ಗಿರಗಿರ ತಿರುಗುತ್ತದೆ. ವಾಂತಿ ಬರುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬರುತ್ತದೆ. ತಲೆ ಎತ್ತಿ ತೆಂಗಿನ ಗೊನೆ ನೋಡಿದಾಗ ಬರುತ್ತದೆ. ಒಂದು ನಿಮಿಷದ ಒಳಗೇ ನಿಲ್ಲುತ್ತದೆ. ಇದರ ಮೂಲ ಕಿವಿಯ ಒಳಗೆ.

ಕಿವಿಗೂ ತಲೆ ಸುತ್ತಿಗೂ ಏನು ಸಂಬಂಧ ಅಂತೀರಾ? ಕಿವಿ ಕೇಳುವುದಕ್ಕೆ ಮಾತ್ರ ಇಲ್ಲ. ಕಿವಿಯ ಆಳದಲ್ಲಿ ಬಳೆಯ ಹಾಗೆ ಬಾಗಿದ ಮೂರು ಸಣ್ಣ ಕಾಲುವೆಗಳಿವೆ. ಅದರಲ್ಲಿ ನೀರಿನಂಥ ದ್ರವ ಇದೆ. ತುಂಬಿದ ಕೊಡ ಹೊತ್ತು ನಡೆಯುವಾಗ ನಿಮಗೆ ಗೊತ್ತು. ನೀವು ತಿರುಗಿದರೆ ನೀರು ತುಳುಕುತ್ತದೆ, ನಿಂತ ಮೇಲೂ ಒಂದು ಗಳಿಗೆ ಅಲ್ಲಾಡುತ್ತದೆ. ಕಿವಿಯ ದ್ರವವೂ ಹಾಗೇ. ತಲೆ ಯಾವ ಕಡೆ ತಿರುಗಿತು ಅಂತ ಮೆದುಳಿಗೆ ಹೇಳುವುದು ಅದೇ ತುಳುಕಾಟ.

ಇದು ಗೊತ್ತಾದದ್ದೂ ಒಂದು ಸ್ವಾರಸ್ಯ. ವಿಯೆನ್ನಾ ಅನ್ನುವ ಊರಿನಲ್ಲಿ ಬಾರಾನಿ ಅಂತ ಒಬ್ಬ ಡಾಕ್ಟರು ಇದ್ದರು. ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುತ್ತಿದ್ದರು. ನೀರು ತಣ್ಣಗಿದ್ದರೆ ರೋಗಿಗೆ ತಲೆ ಸುತ್ತು. ಬಿಸಿ ಜಾಸ್ತಿಯಾದರೂ ತಲೆ ಸುತ್ತು. ಮೈ ಬಿಸಿಯಷ್ಟೇ ಇದ್ದರೆ ಏನೂ ಇಲ್ಲ. ಯಾಕೆ ಹೀಗೆ ಅಂತ ಅವರು ಹುಡುಕುತ್ತಾ ಹೋದರು. ಅದಕ್ಕೇ ಅವರಿಗೆ 1914ನೇ ಸಾಲಿನ ನೊಬೆಲ್ ಬಹುಮಾನ ಬಂತು.

ಕಿವಿಯ ಒಳಗೆ ಸುಣ್ಣದ ಹರಳಿನಂಥ ಸಣ್ಣ ಕಣಗಳೂ ಇವೆ. ಅವು ತಮ್ಮ ಜಾಗದಲ್ಲಿ ಅಂಟಿಕೊಂಡಿರಬೇಕು. ವಯಸ್ಸಾದ ಮೇಲೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ ಕೆಲವು ಕಣ ಕಳಚಿ ಕಾಲುವೆಗೆ ಬೀಳುತ್ತವೆ. ಅಯ್ಯನಕೆರೆಯ ಕಾಲುವೆಗೆ ದಂಡೆಯ ಮಣ್ಣು ಕುಸಿದರೆ ನೀರು ನೆಟ್ಟಗೆ ಹರಿಯುತ್ತದೆಯೇ? ಇಲ್ಲೂ ಹಾಗೇ. ತಲೆ ಸ್ವಲ್ಪ ತಿರುಗಿದರೂ ಕಣ ಉರುಳುತ್ತದೆ. ದ್ರವವನ್ನು ಎಳೆಯುತ್ತದೆ. 'ನೀನು ಗಿರಗಿರ ತಿರುಗುತ್ತಿದ್ದೀಯ' ಅಂತ ಕಿವಿ ಮೆದುಳಿಗೆ ಸುಳ್ಳು ಹೇಳುತ್ತದೆ.

ತಲೆ ಎತ್ತಿದಾಗ, ತಿರುಗಿಸಿದಾಗ ಕತ್ತೂ ತಿರುಗುತ್ತದಲ್ಲ. ಅದಕ್ಕೇ ಜನ ಕತ್ತಿನ ಮೇಲೆ ದೂರು ಹೇಳುತ್ತಾರೆ. ಒಂದು ಗುರುತು ಇದೆ. ಹಾಸಿಗೆಯಲ್ಲಿ ಕತ್ತು ತಿರುಚದೆ, ಮರದ ದಿಮ್ಮಿ ಹೊರಳುವ ಹಾಗೆ ಇಡೀ ಮೈ ಹೊರಳಿಸಿ. ಆಗಲೂ ಮನೆ ತಿರುಗಿದರೆ ಕತ್ತಿನ ಮೇಲಿನ ಅನುಮಾನ ಬಿಡಬಹುದು.

ಹಾಗಾದರೆ ಕತ್ತಿನಿಂದ ತಲೆ ಸುತ್ತು ಬರುವುದೇ ಇಲ್ಲವಾ? ಬರುತ್ತದೆ. ಆದರೆ ಅದು ಗಿರಗಿರ ತಿರುಗುವ ಸುತ್ತಲ್ಲ. ಓಲಾಡಿದ ಹಾಗೆ, ಕಾಲು ನೆಲಕ್ಕೆ ನೆಟ್ಟಗೆ ಊರದ ಹಾಗೆ ಇರುತ್ತದೆ. ಜೊತೆಗೆ ಕತ್ತು ಬಿಗಿದಿರುತ್ತದೆ, ನೋಯುತ್ತದೆ. ನೋವು ಜಾಸ್ತಿಯಾದಾಗ ಓಲಾಟವೂ ಜಾಸ್ತಿ. ನೋವು ಕಡಿಮೆಯಾದರೆ ಅದೂ ಕಡಿಮೆ. ಕತ್ತಿನ ಮಾಂಸಖಂಡಗಳೂ ತಲೆ ಎಲ್ಲಿದೆ ಅಂತ ಮೆದುಳಿಗೆ ಸುದ್ದಿ ಕೊಡುತ್ತವೆ. ಅವು ಬಿಗಿದುಕೊಂಡರೆ ಸುದ್ದಿ ತಪ್ಪಾಗುತ್ತದೆ. ಕತ್ತಿನದೇ ಸುತ್ತು ಅಂತ ಹೇಳಲು ಬೇರೆ ಪರೀಕ್ಷೆ ಇಲ್ಲ. ಕಿವಿ, ರಕ್ತ, ಬಿ.ಪಿ., ಸಕ್ಕರೆ ಎಲ್ಲವನ್ನೂ ನೋಡಿ, ಅವು ಅಲ್ಲ ಅಂತ ಆದ ಮೇಲೆ ಹೇಳಬೇಕು. ನಾವು ಅದನ್ನು ಮೊದಲೇ ಹೇಳಿಬಿಟ್ಟಿದ್ದೆವು.

ಅಕ್ಕ ಬರೆದ ಚೀಟಿ

ಒಂದು ತಿಂಗಳು ಕಳೆದ ಮೇಲೆ ಮತ್ತೆ ಹೋದೆವು. ಬೆಲ್ಟು ಹಾಗೇ ಇತ್ತು. ಸುತ್ತೂ ಹಾಗೇ ಇತ್ತು. ದಿನಾ ಮಾತ್ರೆ ನುಂಗುತ್ತಿದ್ದರು. ನಮ್ಮಲ್ಲಿ ಒಬ್ಬರಿಗೆ ಅನುಮಾನ ಬಂತು. "ಅಕ್ಕಾ, ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಹೋಗೋಣ. ಅದಕ್ಕೆ ಮುಂಚೆ ಒಂದು ವಾರ ಒಂದು ಕೆಲಸ ಮಾಡಿ. ಸುತ್ತು ಬಂದಾಗಲೆಲ್ಲ ಬರೆದಿಡಿ" ಅಂದರು.

"ನಂಗೆಲ್ಲಿ ಬರ್ಯಕ್ ಬತ್ತದೆ?"

"ಬರ್ತದೆ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ."

ಅಕ್ಕ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದರು. 'ಬೆಳಿಗ್ಗೆ ಎಳುವಾಗ. ಬಲಗಡೆ ತಿರಿಗಿದರೆ. ಅರದ ನಿಮಿಸ.' ಹೀಗೆ ಏಳು ಸಾಲು. ಎಡಗಡೆ ಅನ್ನುವ ಮಾತು ಒಂದು ಸಾಲಿನಲ್ಲೂ ಇರಲಿಲ್ಲ.

ಕಿವಿ ಡಾಕ್ಟರು ಚೀಟಿ ನೋಡಿದರು. ಎಕ್ಸ್‌ರೇ ಕಡೆ ಆಮೇಲೆ ನೋಡಿದರು. ಅಕ್ಕನನ್ನು ಮಂಚದ ಮೇಲೆ ಕೂರಿಸಿದರು. ಮುಖವನ್ನು ಬಲಕ್ಕೆ ಅರ್ಧ ತಿರುಗಿಸಿದರು. ಹಾಗೇ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯಿತು. ಅಕ್ಕ ಕೂಗಿಕೊಂಡರು. ಕಣ್ಣುಗುಡ್ಡೆ ತಾನಾಗಿಯೇ ಪಟಪಟ ಅಲ್ಲಾಡುತ್ತಿತ್ತು. "ಇದೇ ನೋಡಿ ಗುರುತು" ಅಂದರು ಡಾಕ್ಟರು. ಸುತ್ತು ನಿಲ್ಲುವವರೆಗೆ ಹಾಗೇ ಹಿಡಿದರು. ಆಮೇಲೆ ತಲೆಯನ್ನು ನಿಧಾನ ಎಡಕ್ಕೆ ತಿರುಗಿಸಿದರು. ಸ್ವಲ್ಪ ಹೊತ್ತು ಕಾದರು. ಮೈಯನ್ನೂ ಎಡ ಮಗ್ಗುಲಿಗೆ ಹೊರಳಿಸಿ, ಮುಖ ನೆಲ ನೋಡುವ ಹಾಗೆ ಮಾಡಿದರು. ಮತ್ತೆ ಕಾದು ಎಬ್ಬಿಸಿ ಕೂರಿಸಿದರು. ಐದು ನಿಮಿಷದ ಕೆಲಸ. ಸೂಜಿ ಇಲ್ಲ, ಮಾತ್ರೆ ಇಲ್ಲ. ಕಾಲುವೆಗೆ ಬಿದ್ದ ಕಣವನ್ನು ಉರುಳಿಸಿ ಅದರ ಜಾಗಕ್ಕೆ ಕಳಿಸುವ ಉಪಾಯ ಇದು. ಅಮೆರಿಕದ ಎಪ್ಲಿ ಅನ್ನುವ ಡಾಕ್ಟರು ಇದನ್ನು 1992ರಲ್ಲಿ ಬರೆದು ತಿಳಿಸಿದರು.

ಇದನ್ನು ಓದಿ ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಯಾವ ಕಿವಿ ಅಂತ ಡಾಕ್ಟರೇ ನೋಡಬೇಕು. ಒಮ್ಮೆ ಕಲಿತ ಮೇಲೆ ಮನೆಯಲ್ಲಿ ಮಾಡುವ ಬಗೆಯನ್ನೂ ಅವರೇ ಹೇಳಿಕೊಡುತ್ತಾರೆ. ಯಾಕೆಂದರೆ ಇದು ಮತ್ತೆ ಬರಬಹುದು. ಅಕ್ಕನಿಗೂ ಆರು ತಿಂಗಳಿಗೆ ಮತ್ತೆ ಬಂತು. ಈ ಸಲ ಅವರು ಹೆದರಲಿಲ್ಲ. ತಾವೇ ಬಸ್ಸು ಹತ್ತಿದರು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ತಲೆ ಸುತ್ತು ನಿಲ್ಲಿಸುವ ಮಾತ್ರೆ ನಾಲ್ಕೈದು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಕೆಲವು ಮಾತ್ರೆಯಿಂದ ಕೈ ನಡುಕ, ಮೈ ಬಿಗಿತ ಬರುತ್ತದೆ. ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ಒಳ್ಳೆಯದಲ್ಲ.

ಬೆಲ್ಟನ್ನು ಅಲ್ಲೇ ಬಿಚ್ಚಿಸಿದರು. ಇಷ್ಟು ದಿನ ಅದನ್ನು ಹಾಕಿ ಹಾಕಿ ಅಕ್ಕನಿಗೆ ನಿಜವಾಗಿಯೂ ಕತ್ತು ನೋವು ಬಂದಿತ್ತು! ಕೈಗೆ ತಿಂಗಳುಗಟ್ಟಲೆ ಕಟ್ಟು ಹಾಕಿದರೆ ಕೈ ಸೊರಗುತ್ತದೆ. ಕತ್ತಿಗೂ ಅದೇ ನ್ಯಾಯ.

ಕತ್ತು ನೋವಿಗೆ ಏನು ಮಾಡಬೇಕು?

ನಮ್ಮ ಕಡೆ ಕತ್ತಿಗೆ ಕೆಲಸ ಜಾಸ್ತಿ. ಹುಲ್ಲಿನ ಹೊರೆ, ಸೌದೆ ಹೊರೆ, ರಾಗಿ ತೆನೆಯ ಹೊರೆ, ನೀರಿನ ಕೊಡ ಎಲ್ಲಾ ತಲೆಯ ಮೇಲೇ. ಅಡಿಕೆ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ತಲೆ ಬಗ್ಗಿಸಿ ಸುಲಿಯುವುದು. ಕಾಫಿ ತೋಟಕ್ಕೆ ಹೋದವರು ದಿನವಿಡೀ ಕೈ ಎತ್ತಿ, ತಲೆ ಎತ್ತಿ ಹಣ್ಣು ಬಿಡಿಸುವುದು. ಮನೆಗೆ ಬಂದರೆ ಮೊಬೈಲ್ ನೋಡಲು ಮತ್ತೆ ತಲೆ ಬಗ್ಗಿಸುವುದು. ತಲೆ ಮುಂದಕ್ಕೆ ಬಾಗಿದಷ್ಟೂ ಹಿಂದಿನ ಮಾಂಸಖಂಡ ಜಾಸ್ತಿ ಎಳೆಯಬೇಕು. ಬಿಂದಿಗೆಯನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಹೊರೆ ಹೊರಬೇಡಿ ಅಂತ ಹೇಳುವುದು ಸುಲಭ. ಹೊರದಿದ್ದರೆ ದನಕ್ಕೆ ಹುಲ್ಲು ಯಾರು ತರುತ್ತಾರೆ? ಒಂದು ದೊಡ್ಡ ಹೊರೆಯ ಬದಲು ಎರಡು ಸಣ್ಣ ಹೊರೆ ಮಾಡಿ. ಹೊರೆ ಏರಿಸಲು, ಇಳಿಸಲು ಇನ್ನೊಬ್ಬರ ಕೈ ಬೇಕು. ಹೊತ್ತು ನೆಟ್ಟಗೆ ನಡೆಯುವಾಗ ಅಲ್ಲ, ಒಬ್ಬರೇ ಎತ್ತಿ ತಲೆಗೆ ಹಾಕಿಕೊಳ್ಳುವ ಆ ಒಂದು ಜಗ್ಗಾಟದಲ್ಲೇ ಕತ್ತು ಉಳುಕುವುದು. ಸಿಂಬಿ ಇಲ್ಲದೆ ಕೊಡ ಹೊರಬೇಡಿ. ಹೊರೆ ಹೊತ್ತು ಯಾರಾದರೂ ಕರೆದರೆ ಕತ್ತು ಮಾತ್ರ ತಿರುಗಿಸಬೇಡಿ, ಇಡೀ ಮೈ ತಿರುಗಿಸಿ. ಮನೆಯಲ್ಲಿ ಸೈಕಲ್ ಇದ್ದರೆ ಹುಲ್ಲು ಅದರ ಮೇಲೆ ಬರಲಿ. ಸೈಕಲ್ ಇರುವ ಗಂಡಸರೇ, ಈ ಮಾತು ನಿಮಗೂ ಸೇರಿ.

ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಕೈ ನಿಲ್ಲಿಸಿ. ತಲೆ ಎತ್ತಿ, ಭುಜ ಹಿಂದಕ್ಕೆ ಎಳೆದು ಬಿಡಿ. ಅಷ್ಟು ಸಾಕು.

ಕತ್ತು ಹಿಡಿದುಕೊಂಡರೆ ಹೆದರಬೇಡಿ. ಬಹುಪಾಲು ನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿಯಬೇಡಿ. ಹಗುರವಾದ ಕೆಲಸ ಮಾಡುತ್ತಾ ಇರಿ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬಹುದು. ಮೊದಲು ನಿಮ್ಮ ಮುಂಗೈಗೆ ಇಟ್ಟು ಬಿಸಿ ನೋಡಿ. ಸಕ್ಕರೆ ಕಾಯಿಲೆಯವರಿಗೆ ಬಿಸಿ ಗೊತ್ತಾಗದೆ ಬೊಬ್ಬೆ ಏಳಬಹುದು. ಭುಜಕ್ಕೆ ಹಗುರವಾಗಿ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ. ನೋವಿನ ಮಾತ್ರೆ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ದಿಂಬು ಒಂದು ಸಾಕು. ಮಗ್ಗುಲಾಗಿ ಮಲಗಿದಾಗ ಕಿವಿಗೂ ಭುಜಕ್ಕೂ ನಡುವಿನ ಜಾಗ ತುಂಬಬೇಕು, ಅಷ್ಟು ದಪ್ಪ. ದಿಂಬು ಪೂರಾ ತೆಗೆದು ನೆಲದಲ್ಲಿ ಮಲಗಬೇಕು ಅನ್ನುವುದು ಸುಳ್ಳು.

ನೋವು ಇಳಿದ ಮೇಲೆ ದಿನಾ ಎರಡು ಸಲ ವ್ಯಾಯಾಮ ಮಾಡಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗದ್ದವನ್ನು ಕೆಳಗೆ ಬಗ್ಗಿಸದೆ, ಒಳಕ್ಕೆ ಎಳೆದುಕೊಳ್ಳಿ. ಐದು ಎಣಿಸಿ, ಬಿಡಿ. ಹೀಗೆ ಹತ್ತು ಸಲ. ಆಮೇಲೆ ಅಂಗೈಯನ್ನು ಹಣೆಗೆ ಇಟ್ಟು ತಲೆಯಿಂದ ಕೈಯನ್ನು ಒತ್ತಿ. ತಲೆ ಅಲ್ಲಾಡಬಾರದು. ಐದು ಎಣಿಸಿ. ಹಾಗೇ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ. ಕೊನೆಗೆ ನಿಧಾನವಾಗಿ ಎಡ ಭುಜ ನೋಡಿ, ಬಲ ಭುಜ ನೋಡಿ. ತಲೆಯನ್ನು ಗಾಣದ ಹಾಗೆ ಸುತ್ತಲೂ ತಿರುಗಿಸಬೇಡಿ. ವ್ಯಾಯಾಮ ಮಾಡುವಾಗ ನೋವು ಕೈಗೆ ಇಳಿದರೆ ನಿಲ್ಲಿಸಿ.

ಲಟಕ್ ಅನ್ನಿಸಬೇಡಿ

ಕಟಿಂಗ್ ಮುಗಿದ ಮೇಲೆ ಸಲೂನಿನವರು ತಲೆ ತಿಕ್ಕುತ್ತಾರೆ. ಹಿತವಾಗಿರುತ್ತದೆ. ಆಮೇಲೆ ಗದ್ದ ಹಿಡಿದು ಕತ್ತನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಲಟಕ್ ಅನ್ನಿಸುತ್ತಾರೆ. ಎಷ್ಟೋ ಜನ ಕೇಳಿ ಮಾಡಿಸಿಕೊಳ್ಳುತ್ತಾರೆ. ನಮ್ಮಲ್ಲೂ ಒಬ್ಬರಿಗೆ ಈ ಚಟ ಇತ್ತು, ಹೇಳಿಬಿಡುತ್ತೇವೆ.

2024ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಬಳ್ಳಾರಿ ಕಡೆಯ ಸುಮಾರು ಮೂವತ್ತು ವರ್ಷದ ಯುವಕ. ಕಟಿಂಗ್ ಮಾಡಿಸಲು ಹೋಗಿದ್ದರು. ತಲೆ ಮಸಾಜು ಪುಕ್ಕಟೆ ಸಿಕ್ಕಿತು. ಕತ್ತು ತಿರುಚಿದಾಗ ಜೋರಾಗಿ ನೋವಾಯಿತು. ಮನೆಗೆ ಹೋದರು. ಕೆಲವು ಗಂಟೆಯಲ್ಲಿ ಮಾತು ನಿಂತಿತು. ಎಡಗಡೆ ಬಲ ಹೋಯಿತು. ಲಕ್ವ ಹೊಡೆದಿತ್ತು. ಮೂವತ್ತು ವರ್ಷದವರಿಗೆ!

ಯಾಕೆ ಹೀಗಾಯಿತು? ಕತ್ತಿನಲ್ಲಿ ನಾಲ್ಕು ರಕ್ತನಾಳ ಇದೆ ಅಂದೆವಲ್ಲ. ಅದರಲ್ಲಿ ಒಂದರ ಒಳಪದರ ಹರಿದಿತ್ತು. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೆದುಳಿಗೆ ರಕ್ತ ನಿಲ್ಲುತ್ತದೆ. ಅವರು ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದು ಚೇತರಿಸಿಕೊಂಡರು. ಬ್ಯೂಟಿ ಪಾರ್ಲರಿನಲ್ಲಿ ಬೇಸಿನ್ನಿನ ಮೇಲೆ ಕತ್ತು ಹಿಂದಕ್ಕೆ ಚಾಚಿ ತಲೆ ತೊಳೆಸಿಕೊಂಡ ಹೆಂಗಸರಿಗೂ ಹೀಗೆ ಆಗಿದೆ ಅಂತ ಅಮೆರಿಕದ ಒಬ್ಬ ಡಾಕ್ಟರು 1993ರಲ್ಲೇ ಬರೆದಿದ್ದರು.

ಇದು ಅಪರೂಪ. ಲಟಕ್ ಅನ್ನಿಸಿಕೊಂಡವರಿಗೆಲ್ಲ ಆಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಸಲೂನಿನವರು ಬೇಕು ಅಂತ ಮಾಡುವುದಿಲ್ಲ, ನಾವು ಖುಷಿ ಪಡುತ್ತೇವೆ ಅಂತ ಮಾಡುತ್ತಾರೆ. "ಅಣ್ಣಾ, ತಲೆ ತಿಕ್ಕಿ ಸಾಕು, ಕತ್ತು ಮುಟ್ಟಬೇಡಿ" ಅಂದರೆ ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಳುಕು ತೆಗೆಯುತ್ತೇವೆ ಅಂತ ಕತ್ತು ತಿರುಚುವವರಿಗೂ ಇದೇ ಮಾತು ಹೇಳಿ.

ತಲೆ ಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ನುಂಗಲು ಆಗದಿದ್ದರೆ, ನಿಲ್ಲಲೂ ಆಗದಿದ್ದರೆ ಅದು ಲಕ್ವ ಇರಬಹುದು. ಹಿಂದೆಂದೂ ಬಾರದಂಥ ಜೋರು ತಲೆನೋವು, ಕತ್ತು ನೋವು ಇದ್ದಕ್ಕಿದ್ದಂತೆ ಬಂದರೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಸೂಜಿ ಮದ್ದು ಇದೆ. ಅದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. 'ಬೆಳಿಗ್ಗೆ ನೋಡೋಣ' ಅಂದರೆ ಆ ಹೊತ್ತು ಕೈ ತಪ್ಪುತ್ತದೆ. ಯಾವಾಗ ಶುರುವಾಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಡಾಕ್ಟರು ಮೊದಲು ಅದನ್ನೇ ಕೇಳುತ್ತಾರೆ.

ಜ್ವರದ ಜೊತೆ ಕತ್ತು ಸೆಟೆದು, ಗದ್ದ ಎದೆಗೆ ತಾಗದಿದ್ದರೆ ಮೆದುಳು ಜ್ವರ ಇರಬಹುದು. ಮಕ್ಕಳಲ್ಲಿ ಮುಖ್ಯವಾಗಿ ನೋಡಿ. ಅದಕ್ಕೂ ಅವತ್ತೇ ಆಸ್ಪತ್ರೆ.

ತೆಂಗಿನ ಮರದಿಂದ, ಅಡಿಕೆ ಮರದಿಂದ ಬಿದ್ದವರನ್ನು, ಬೈಕಿನಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ನೀರು ಕುಡಿಸಬೇಡಿ. ಆಟೋದಲ್ಲಿ ಮಡಚಿ ಕೂರಿಸಬೇಡಿ. ಕತ್ತಿನ ಮೂಳೆ ಮುರಿದಿದ್ದರೆ ಆ ಎಳೆದಾಟದಲ್ಲೇ ಬೆನ್ನುಹುರಿ ನಜ್ಜಾಗುತ್ತದೆ. ಬದುಕಿದರೂ ಕೈಕಾಲು ಹೋಗುತ್ತದೆ. ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗದಂತೆ ಹಿಡಿದಿರಬೇಕು. 108ರವರು ಬರುವವರೆಗೆ ಹಾಗೇ ಇರಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವ ಹಾಗೆ ಎತ್ತಿ ಹಲಗೆಯ ಮೇಲೆ ಮಲಗಿಸಿ.

ಅಜ್ಜನ ಕೈಬರಹ

ಈಗ ಅಜ್ಜನ ವಿಷಯ. ಅವರು ವಯಸ್ಸಿನಲ್ಲಿ ಸಂತೆಗೆ ಕಾಯಿ ಮೂಟೆ ಹೊತ್ತವರು. ತರಗತಿಗೆ ತಪ್ಪದೆ ಬರುತ್ತಿದ್ದರು. ಮೊದಲ ಮೂರು ತಿಂಗಳು ಅವರ ಅಕ್ಷರ ಮುತ್ತಿನ ಹಾಗೆ ಇತ್ತು. ಆಮೇಲೆ ಕೆಡುತ್ತಾ ಬಂತು. ಗೆರೆ ಡೊಂಕು. ಪೆನ್ಸಿಲ್ ಕೈಯಿಂದ ಬೀಳುವುದು. "ಅಜ್ಜಾ, ಮನೆಯಲ್ಲಿ ಅಭ್ಯಾಸ ಮಾಡ್ತಾ ಇಲ್ಲ ನೀವು" ಅಂತ ನಾವು ತಮಾಷೆ ಮಾಡಿದೆವು. ಅವರು ನಕ್ಕರು. ಏನೂ ಹೇಳಲಿಲ್ಲ.

ಅಂಗಿಯ ಗುಂಡಿ ಹಾಕಲು ಮೊಮ್ಮಗಳನ್ನು ಕರೆಯುತ್ತಿದ್ದರಂತೆ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುತ್ತಿತ್ತಂತೆ, ಗೊತ್ತೇ ಆಗುತ್ತಿರಲಿಲ್ಲವಂತೆ. ಕತ್ತಲಲ್ಲಿ ಗೋಡೆ ಹಿಡಿದೇ ನಡೆಯುತ್ತಿದ್ದರು. ವಯಸ್ಸಾಯಿತು ಅಂತ ಮನೆಯವರೂ ಸುಮ್ಮನಿದ್ದರು. ಮೂತ್ರ ತಡೆಯಲು ಆಗದೆ ಹೋದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರು. ಸ್ಕ್ಯಾನ್ ಮಾಡಿದಾಗ ಕತ್ತಿನಲ್ಲಿ ಸವೆದ ಬಿಲ್ಲೆ, ಬೆಳೆದ ಮೂಳೆ ಎರಡೂ ಸೇರಿ ಬೆನ್ನುಹುರಿಯನ್ನೇ ಒತ್ತುತ್ತಿದ್ದವು.

ಕೈಗೆ ಹೋಗುವ ಒಂದು ನರವನ್ನು ಒತ್ತಿದರೆ ನೋವು, ಜೋಮು ಬರುತ್ತದೆ. ಅದರಿಂದ ನಮಗೆ ಗೊತ್ತಾಗುತ್ತದೆ. ಅದು ಬಹಳ ಸಲ ವಾರಗಳಲ್ಲಿ ವಾಸಿಯಾಗುತ್ತದೆ. ಬೆನ್ನುಹುರಿಯನ್ನೇ ಒತ್ತಿದಾಗ ನೋವು ಇರದೆಯೂ ಇರಬಹುದು. ಕೈ ಚುರುಕು ಕಳೆದುಕೊಳ್ಳುತ್ತದೆ, ಕಾಲು ಬಿಗಿಯುತ್ತದೆ. ನಿಧಾನ, ಗೊತ್ತಾಗದ ಹಾಗೆ. ಅಕ್ಕಿ ಆರಿಸಲು ಬರುವುದಿಲ್ಲ, ಹೂ ಕಟ್ಟಲು ಬರುವುದಿಲ್ಲ, ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ ಅಂತ ಯಾರಾದರೂ ಅಂದರೆ ಕಣ್ಣು ಮಾತ್ರ ನೋಡಬೇಡಿ. ಕೈ ನೋಡಿ, ನಡಿಗೆ ನೋಡಿ. ಇಂಥವರು ವ್ಯಾಯಾಮ, ಎಣ್ಣೆ, ಶಾಖ ಅಂತ ಕಾಯಬಾರದು. ರಾತ್ರಿ ಎಬ್ಬಿಸುವ ಕತ್ತು ನೋವಿನ ಜೊತೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅವರೂ ಕಾಯಬಾರದು. ಮೂಳೆಗೂ ಕ್ಷಯ ಬರುತ್ತದೆ.

ಅಜ್ಜನಿಗೆ ಆಪರೇಷನ್ ಆಯಿತು. ಒತ್ತಡ ಬಿಡಿಸಿದರು. ಇನ್ನೂ ಕೆಡದ ಹಾಗೆ ತಡೆಯುವುದೇ ಆ ಆಪರೇಷನ್ನಿನ ಮುಖ್ಯ ಕೆಲಸ. ಹೋದ ಶಕ್ತಿ ಪೂರಾ ಬರುತ್ತದೆ ಅಂತ ಹೇಳಲಾಗದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆರು ತಿಂಗಳು ಮುಂಚೆ ಬಂದಿದ್ದರೆ ಅಂತಲೂ ಹೇಳಿದರು. ಆ ಆರು ತಿಂಗಳು ಅಜ್ಜ ನಮ್ಮ ಮುಂದೆಯೇ ಕೂತು ಬರೆಯುತ್ತಿದ್ದರು. ಅವರ ನೋಟ್‌ಬುಕ್ ನಮ್ಮ ಹತ್ತಿರ ಇದೆ. ಪುಟ ತಿರುಗಿಸಿದರೆ ಕಾಯಿಲೆ ಯಾವ ವಾರ ಎಷ್ಟು ಏರಿತು ಅಂತ ಕಾಣುತ್ತದೆ.

ಈಗ ಅವರು ಗೋಡೆ ಹಿಡಿಯದೆ ನಡೆಯುತ್ತಾರೆ. ಗುಂಡಿ ಹಾಕಲು ಇನ್ನೂ ಮೊಮ್ಮಗಳೇ ಬೇಕು. ಪೆನ್ಸಿಲ್ಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟಿದ್ದೇವೆ. ಹೆಸರು ಬರೆಯುತ್ತಾರೆ. ಅಕ್ಕ ಅವರ ಪಕ್ಕದಲ್ಲೇ ಕೂರುತ್ತಾರೆ. ಪೆನ್ಸಿಲ್ ಬಿದ್ದರೆ ಎತ್ತಿಕೊಡುತ್ತಾರೆ.